ಒಂದೇ ಮುಖದಲ್ಲಿ ಗದ್ದೆಯೂ ಬ್ಯಾಣವೂ

ಬ್ಯಾಕೋಡಿನ ಅಕ್ಕನ ಮನೆಯಲ್ಲಿ ಮಳೆಗಾಲ ಮುಗಿಯುವವರೆಗೆ ಬಚ್ಚಲೊಲೆ ಆರುವುದಿಲ್ಲ. ಹಂಡೆಯ ನೀರಿಗೆ ಬೆರಳು ಅದ್ದಿದರೆ ಚುರ್ ಎನ್ನಬೇಕು, ಮೈ ಕೆಂಪೇರುವಷ್ಟು ಹೊಯ್ದುಕೊಳ್ಳಬೇಕು, ಅದಕ್ಕೆ ಮಾತ್ರ ಅಲ್ಲಿ ಸ್ನಾನ ಎನ್ನುವುದು. ಆ ಬಚ್ಚಲಿನ ಗೋಡೆಗೂಡಿನಲ್ಲಿ ಹಿಂದೆಲ್ಲ ಒಂದು ಸಾಬೂನು, ಒಂದು ಸೀಗೆಪುಡಿ ಡಬ್ಬಿ ಇರುತ್ತಿತ್ತು. 2025ರ ಆಗಸ್ಟ್‌ನಲ್ಲಿ ಹೋದಾಗ ಎಣಿಸಿದೆ: ಟ್ಯೂಬು, ಬಾಟಲಿ, ಡಬ್ಬಿ ಸೇರಿ ಹನ್ನೊಂದು. ಎಲ್ಲವೂ ಅಕ್ಕನ ಮಗಳದ್ದು. ಸಾಗರದ ಕಾಲೇಜಿಗೆ ಹೋಗುವ ಹುಡುಗಿ. ಹಣೆ, ಮೂಗು, ಗಲ್ಲದ ಮೇಲೆ ಬೆಳಿಗ್ಗೆ ಹತ್ತಕ್ಕೇ ಎಣ್ಣೆ ಮಿನುಗುತ್ತದೆ, ಅಲ್ಲೇ ಮೊಡವೆ. ಕೆನ್ನೆ ಮಾತ್ರ ಬಿಗಿದು, ಸಣ್ಣಗೆ ಹೊಟ್ಟು ಏಳುತ್ತದೆ.

"ಎಂತ ಹಚ್ಚಿದ್ರೂ ಉರೀತದೆ ಚಿಕ್ಕಿ. ನೀವು ಕೆಮಿಸ್ಟ್ರಿ ಪಾಠ ಮಾಡೋರಲ್ವಾ, ನೀವೇ ಹೇಳಿ ಯಾವ್ದು ಹಚ್ಲಿ."

ಅವಳ ಪ್ರಶ್ನೆಯಲ್ಲೇ ತೊಡಕಿತ್ತು. ಯಾವುದನ್ನು ಹಚ್ಚಲಿ ಎಂದು ಕೇಳಿ ಕೇಳಿಯೇ ಹನ್ನೊಂದು ಆಗಿದ್ದು.

ಅವಳ ಅಪ್ಪನ ಜಮೀನನ್ನೇ ಅವಳಿಗೆ ತೋರಿಸಿದೆ. ಕೆಳಗೆ ನೀರು ನಿಲ್ಲುವ ಗದ್ದೆ, ಪಕ್ಕದಲ್ಲಿ ಅಡಿಕೆ ತೋಟ, ಮೇಲೆ ನೀರು ನಿಲ್ಲದ ಬ್ಯಾಣ. ಖಾತೆ ಒಂದೇ, ಒಡೆಯನೂ ಒಬ್ಬನೇ, ಆದರೆ ಗದ್ದೆಯ ಬೇಸಾಯವನ್ನು ಬ್ಯಾಣದಲ್ಲಿ ಯಾರೂ ಮಾಡುವುದಿಲ್ಲ. ಮಿಶ್ರ ಚರ್ಮ ಎಂದರೂ ಇಷ್ಟೇ. ಮುಖದ ಚರ್ಮದಲ್ಲಿ ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ತೈಲಗ್ರಂಥಿಗಳು ಇರಬಹುದು. ಹಣೆ, ಮೂಗಿನ ಮೇಲೆ ಅವು ದಟ್ಟ, ಚುರುಕು. ಕೆನ್ನೆಯ ಅಂಚಿಗೆ ಬರುವಾಗ ವಿರಳ. ಹರೆಯದಲ್ಲಿ ಆ್ಯಂಡ್ರೋಜನ್ ಹಾರ್ಮೋನುಗಳು ಏರಿದಾಗ ಈ ಗ್ರಂಥಿಗಳು ಸೀಬಮ್ ಎಂಬ ಜಿಡ್ಡನ್ನು ಹೆಚ್ಚು ಸುರಿಸುತ್ತವೆ. ಕೂದಲಿನ ಬುಡದ ಕೊಳವೆಯ ಒಳಗೋಡೆಯಿಂದ ಉದುರಬೇಕಾದ ಸತ್ತ ಕೋಶಗಳು ಉದುರದೆ ಒಂದಕ್ಕೊಂದು ಅಂಟಿ ಬಿರಡೆಯಾಗುತ್ತವೆ. ಹಿಂದೆ ಜಿಡ್ಡು ಕಟ್ಟುತ್ತದೆ. ಅಲ್ಲಿ ಮೊದಲಿನಿಂದಲೂ ಮನೆಮಾಡಿಕೊಂಡಿರುವ ಕ್ಯುಟಿಬ್ಯಾಕ್ಟೀರಿಯಂ ಆ್ಯಕ್ನೆಸ್ ಎಂಬ ಬ್ಯಾಕ್ಟೀರಿಯ (2016ರವರೆಗೆ ಇದರ ಹೆಸರು ಪ್ರೊಪಿಯೊನಿಬ್ಯಾಕ್ಟೀರಿಯಂ) ಆ ಜಿಡ್ಡಿನಲ್ಲಿ ಹುಲುಸಾಗುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಅದರ ಮೇಲೆ ಬೀಳುತ್ತದೆ, ಕೆಂಪಗೆ ಊದಿಕೊಳ್ಳುತ್ತದೆ. ಇದರಲ್ಲಿ ಕೊಳೆಯ ಪಾತ್ರ ಎಲ್ಲೂ ಇಲ್ಲ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೂಡ ಕೊಳೆಯಲ್ಲ. ಬಿರಡೆಯ ತುದಿಯಲ್ಲಿರುವ ಮೆಲನಿನ್ ಮತ್ತು ಗಾಳಿ ತಗುಲಿ ಬಣ್ಣಗೆಟ್ಟ ಜಿಡ್ಡು.

ನಮ್ಮ ಹುಡುಗಿ ದಿನಕ್ಕೆ ಐದು ಸಲ ಸಾಬೂನಿನಲ್ಲಿ ಮುಖ ತಿಕ್ಕುತ್ತಿದ್ದಳು. ಅದೂ ಹಂಡೆಯ ನೀರಿನಲ್ಲಿ.

ಚರ್ಮದ ಹೊರಪದರವನ್ನು ವಿವರಿಸಲು ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಇಲಿಯಾಸ್ ಇಟ್ಟಿಗೆ–ಗಾರೆಯ ಹೋಲಿಕೆ ಕೊಟ್ಟರು. ಸತ್ತ ಕೋಶಗಳೇ ಇಟ್ಟಿಗೆ. ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲಗಳು ಸೇರಿದ್ದು ಗಾರೆ. ಮಲೆನಾಡಿನವರಿಗೆ ಜಂಬಿಟ್ಟಿಗೆ ಗೋಡೆ ಎಂದರೆ ಇನ್ನೂ ಬೇಗ ಅರ್ಥವಾದೀತು: ಕಲ್ಲು ಗಟ್ಟಿಯಿದ್ದೂ ಸಂದಿನ ಗಾರೆ ಉದುರಿದರೆ ಮಳೆಗಾಲಕ್ಕೆ ಗೋಡೆ ಒಸರುತ್ತದೆ. ತೀರಾ ಬಿಸಿ ನೀರು ಈ ಗಾರೆಯನ್ನು ಕರಗಿಸಿ ಒಯ್ಯುತ್ತದೆ. ಮೇಲಿಂದ ಸಾಬೂನಿನ ಕ್ಷಾರ. ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಸುಮಾರು 5. ಜರ್ಮನಿಯ ಶಾಡೆ ಮತ್ತು ಮಾರ್ಕಿಯೊನಿನಿ 1928ರಲ್ಲೇ ಇದನ್ನು ಆಮ್ಲದ ಹೊದಿಕೆ ಎಂದು ಕರೆದಿದ್ದರು. ಎಣ್ಣೆ ಮತ್ತು ಕಾಸ್ಟಿಕ್ ಸೋಡದಿಂದ ತಯಾರಾದ ಯಾವ ಸಾಬೂನಾದರೂ, ಹತ್ತು ರೂಪಾಯಿಯದಿರಲಿ ಇನ್ನೂರರದಿರಲಿ, ಪಿಎಚ್ 9–10ರ ಆಸುಪಾಸು. ಒಂದು ಸಲ ತೊಳೆದರೆ ಚರ್ಮ ಕೆಲವು ಗಂಟೆಗಳಲ್ಲಿ ತನ್ನ ಆಮ್ಲೀಯತೆಗೆ ಮರಳುತ್ತದೆ. ಐದು ಸಲ ತೊಳೆದರೆ ಮರಳಲು ಪುರುಸೊತ್ತೆಲ್ಲಿ? ಗಾರೆ ಹೋದ ಗೋಡೆಯೊಳಗೆ ಏನು ಹಚ್ಚಿದರೂ ನೇರ ಇಳಿಯುತ್ತದೆ. ಅವಳ 'ಸೂಕ್ಷ್ಮ ಚರ್ಮ'ದ ಅರ್ಧಪಾಲು ಹುಟ್ಟಿನಿಂದ ಬಂದದ್ದಲ್ಲ, ಬಚ್ಚಲಲ್ಲಿ ಆದದ್ದು.

ಉಳಿದರ್ಧಕ್ಕೆ ಕಾರಣ ಆ ಹನ್ನೊಂದರಲ್ಲಿ ಮೂಲೆಗೆ ಸರಿಸಿಟ್ಟಿದ್ದ ಸಣ್ಣ ಟ್ಯೂಬಿನಲ್ಲಿತ್ತು. ಯಾವುದೋ ಔಷಧಿ ಅಂಗಡಿಯಲ್ಲಿ "ಕಲೆ ಹೋಗ್ತದೆ, ಬೆಳ್ಳಗೂ ಆಗ್ತೀರಿ" ಎಂದು ಕೊಟ್ಟದ್ದು. ಹಿಂಬದಿಯ ಸಣ್ಣ ಅಕ್ಷರ ಓದಿದೆ: ಸ್ಟೀರಾಯ್ಡ್, ಜೊತೆಗೆ ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯ್ನ್. ಐದು ತಿಂಗಳು ಹಚ್ಚಿದ್ದಳು. ಇಂಥ ಕ್ರೀಮು ಮೊದಲ ಎರಡು ವಾರ ಪವಾಡ ಮಾಡುತ್ತದೆ, ಊತ ಇಳಿಯುತ್ತದೆ, ಬಣ್ಣ ತಿಳಿಯಾಗುತ್ತದೆ. ಆಮೇಲೆ ಚರ್ಮ ತೆಳುವಾಗಿ, ರಕ್ತನಾಳ ಕಾಣಿಸಿ, ಇಲ್ಲದಿದ್ದ ಮೊಡವೆ ಎದ್ದು, ಒಂದು ದಿನ ಬಿಟ್ಟರೂ ಮುಖ ಧಗಧಗ ಎನ್ನುತ್ತದೆ. ಭಾರತದ ಚರ್ಮತಜ್ಞರು ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ, 'ಸ್ಟೀರಾಯ್ಡ್‌ನಿಂದ ಹಾಳಾದ ಮುಖ' ಎಂದು. 2011ರಲ್ಲಿ ಪ್ರಕಟವಾದ ದೇಶದ ಹಲವು ಕೇಂದ್ರಗಳ ಅಧ್ಯಯನದಲ್ಲಿ, ಮುಖದ ತೊಂದರೆಗೆಂದು ಬಂದ 2,926 ಜನರಲ್ಲಿ 433 ಮಂದಿ ಸ್ಟೀರಾಯ್ಡ್ ಹಚ್ಚುತ್ತಿದ್ದರು. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಚೀಟಿ ಕೇಳುವವರು ಎಷ್ಟು ಮಂದಿ ಎನ್ನುವುದು ಬೇರೆ ಮಾತು.

ಇಲ್ಲಿ ಊರಿನ ಭೂಗೋಳವನ್ನೂ ನೆನೆಯಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಶರಾವತಿ ಹಿನ್ನೀರು ಹರಡಿದ ಮೇಲೆ ತುಮರಿ, ಬ್ಯಾಕೋಡಿನ ಜನ ಸಾಗರಕ್ಕೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕಿತ್ತು. ಹೆರಿಗೆ ನೋವಿಗೇ ಲಾಂಚ್ ಕಾದ ಊರಿನಲ್ಲಿ ಮೊಡವೆಗೆಂದು ಯಾರು ಚರ್ಮದ ಡಾಕ್ಟರ ಹತ್ತಿರ ಹೋಗುತ್ತಾರೆ? ಕೈಗೆ ಸಿಕ್ಕ ಟ್ಯೂಬೇ ಗತಿ. ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡೂಕಾಲು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆದದ್ದು 2025ರ ಜುಲೈ 14ರಂದು. ಅದಾಗಿ ತಿಂಗಳಿಗೆ ಅದರ ಮೇಲೇ ಅವಳನ್ನು ಕರೆದುಕೊಂಡು ಹೋಗಿ ಚರ್ಮವೈದ್ಯರಿಗೆ ತೋರಿಸಿದೆವು. ಸ್ಟೀರಾಯ್ಡನ್ನು ನಿಲ್ಲಿಸುವ ಕ್ರಮಕ್ಕೆ ವೈದ್ಯರೇ ಬೇಕು, ಚಿಕ್ಕಮ್ಮಂದಿರು ಸಾಲದು.

ಮುಂದಿನ ಎರಡು ತಿಂಗಳು ಅವಳ ಗೂಡಿನಲ್ಲಿ ಉಳಿದದ್ದು ಮೂರೇ: ಪರಿಮಳವಿಲ್ಲದ, ಸಾಬೂನಲ್ಲದ ಒಂದು ಕ್ಲೆನ್ಸರ್, ಸೆರಮೈಡ್ ಇರುವ ಒಂದು ಸಾದಾ ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ತೊಳೆಯುವುದು ದಿನಕ್ಕೆ ಎರಡೇ ಸಲ, ಉಗುರುಬೆಚ್ಚಗಿನ ನೀರಿನಲ್ಲಿ. ಮೈಗೆ ಹಂಡೆ ನೀರು ಹೊಯ್ದುಕೊಳ್ಳಲಿ, ಮುಖಕ್ಕೆ ಬೇರೆ ಚೊಂಬು. ಎಣ್ಣೆಮುಖಕ್ಕೆ ಮತ್ತೆ ಕ್ರೀಮು ಏಕೆ ಎಂದು ಅಕ್ಕ ಗೊಣಗಿದಳು. ಜಿಡ್ಡು ಬೇರೆ, ನೀರಿನ ಪಸೆ ಬೇರೆ. ಎಣ್ಣೆ ಹೊಳೆಯುವ ಹಣೆಯೂ ಒಳಗೆ ಒಣಗಿರಬಹುದು. ಕೆನ್ನೆಗೆ ಎರಡು ಪದರ, ಹಣೆಗೆ ತೆಳುವಾಗಿ ಒಂದು.

ಮನೆಮದ್ದಿನ ವಿಚಾರಕ್ಕೆ ಅಮ್ಮ ಇದ್ದಿದ್ದರೆ ಜಗಳವೇ ಆಗುತ್ತಿತ್ತು. ಲಿಂಬೆರಸ ಬೇಡವೇ ಬೇಡ. ಅದರ ಪಿಎಚ್ 2ರ ಹತ್ತಿರ, ಮೇಲಾಗಿ ಅದರ ಸಿಪ್ಪೆಯ ಎಣ್ಣೆಯಲ್ಲಿರುವ ಫ್ಯುರೊಕೌಮರಿನ್‌ಗಳು ಬಿಸಿಲು ತಾಗಿದರೆ ಚರ್ಮವನ್ನು ಸುಟ್ಟು ಕಪ್ಪು ಮಾಡುತ್ತವೆ. ಟೂತ್‌ಪೇಸ್ಟೂ ಬೇಡ. ಕಡಲೆಹಿಟ್ಟು ಅಷ್ಟು ಕೆಟ್ಟದ್ದಲ್ಲ, ತಿಕ್ಕುವ ಕೈ ಕೆಟ್ಟದ್ದು.

ತೆಂಗಿನೆಣ್ಣೆಯ ಕತೆ ಸ್ವಾರಸ್ಯದ್ದು. ಅದರ ಕೊಬ್ಬಿನಾಮ್ಲದಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಪ್ರಯೋಗಾಲಯದಲ್ಲಿ ಲಾರಿಕ್ ಆಮ್ಲ ಮೊಡವೆಯ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಹಾಗೆಂದು ಮುಖಕ್ಕೆ ಹಚ್ಚಿದರೆ ಅದೇ ಎಣ್ಣೆ ರಂಧ್ರ ಕಟ್ಟುವ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲಿದೆ. ಆ ಪಟ್ಟಿ ಬಂದದ್ದು ಮೊಲದ ಕಿವಿಯಿಂದ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಮಿಲ್ಸ್ 1972ರಲ್ಲಿ ಸೌಂದರ್ಯವರ್ಧಕಗಳಿಂದ ಏಳುವ ಮೊಡವೆಯ ಬಗ್ಗೆ ಬರೆದಾಗ ವಸ್ತುಗಳನ್ನು ಮೊಲದ ಕಿವಿಯ ಒಳಮೈಗೆ ಹಚ್ಚಿ ನೋಡಿದ್ದರು. ಮೊಲದ ಕಿವಿ ಮನುಷ್ಯನ ಚರ್ಮಕ್ಕಿಂತ ಬೇಗ ಕಟ್ಟಿಕೊಳ್ಳುತ್ತದೆ, ಹಾಗಾಗಿ ಆ ಪಟ್ಟಿಯ ಅಂಕಗಳನ್ನು ಪಂಚಾಂಗದಂತೆ ನಂಬಬೇಕಿಲ್ಲ. ಡಬ್ಬಿಯ ಮೇಲೆ 'ನಾನ್ ಕಾಮೆಡೋಜೆನಿಕ್' (ರಂಧ್ರ ಕಟ್ಟದ್ದು) ಎಂದಿದ್ದರೂ ಅದು ಕಂಪನಿಯ ಮಾತು ಅಷ್ಟೆ. ಅದೇ ಕ್ಲಿಗ್ಮನ್ ಮತ್ತು ಸಂಗಡಿಗರು 1970ರಲ್ಲಿ, ಕೂದಲಿಗೆ ಜಿಡ್ಡು ಬಳಿಯುವವರ ಹಣೆ, ಕಣತಲೆಗಳಲ್ಲಿ ಸಾಲಾಗಿ ಏಳುವ ಸಣ್ಣ ಗುಳ್ಳೆಗಳನ್ನು ವರ್ಣಿಸಿದ್ದರು. ನಮ್ಮ ಹುಡುಗಿಯ ಹಣೆಯಂಚಿನ ಗುಳ್ಳೆಗಳೂ ಹಾಗೇ ಇದ್ದವು, ಜಡೆ ಹೆಣೆಯುವ ಮೊದಲು ಅಕ್ಕ ತಲೆತುಂಬ ಎಣ್ಣೆ ಇಕ್ಕುತ್ತಿದ್ದಳಲ್ಲ. ಎಣ್ಣೆ ಬಿಡು ಎಂದರೆ ಕೇಳುವ ಮನೆಯಲ್ಲ ಅದು. ಶನಿವಾರ ಹಚ್ಚಿ ಭಾನುವಾರ ಸೀಗೆಯಲ್ಲಿ ತೊಳೆ, ಮಲಗುವಾಗ ದಿಂಬಿಗೆ ಬೇರೆ ಬಟ್ಟೆ ಹಾಸು ಎಂದು ರಾಜಿಯಾಯಿತು.

ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ. ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಹಣೆ, ಬೆನ್ನು, ಎದೆಯ ಮೇಲೆ ಒಟ್ಟಿಗೆ ಎದ್ದು *ತುರಿಸಿದರೆ* ಅದು ಮೊಡವೆಯಲ್ಲದೆ ಮಲಸೇಜಿಯ ಎಂಬ ಶಿಲೀಂಧ್ರದ ಕೆಲಸವಿರಬಹುದು. ಅದಕ್ಕೆ ಜಿಡ್ಡೇ ಊಟ, ಸೆಕೆ–ತೇವವೇ ಹಬ್ಬ. ಮೊಡವೆಯ ಆ್ಯಂಟಿಬಯಾಟಿಕ್ ಕೊಟ್ಟರೆ ಅದು ಇನ್ನೂ ಹೆಚ್ಚುತ್ತದೆ. ಬ್ಯಾಕೋಡಿನ ಜುಲೈನಲ್ಲಿ ಟವೆಲ್ ಮೂರು ದಿನವಾದರೂ ಒಣಗದೆ ಮುಗ್ಗಲು ನಾರುತ್ತದೆ. ಮುಖ ಒರೆಸುವ ಸಣ್ಣ ಬಟ್ಟೆಯೊಂದನ್ನು ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿಸಿದೆ. ಹೊಗೆಯ ವಾಸನೆ ಇರಲಿ, ಒಣಗಿದ್ದು ಮುಖ್ಯ.

ಹೊಸದೊಂದನ್ನು ಹಚ್ಚುವ ಮೊದಲು ಪರೀಕ್ಷಿಸುವುದು ಹೇಗೆ ಎಂದು ಹೇಳಲು ಹೊಳಗೇರು ಮರವೇ ಸಾಕಾಯಿತು. ಅದರ ಕಪ್ಪು ಸೊನೆ ತಾಗಿ ಮುಖ ಕುಂಬಳಕಾಯಿಯಾದವರು ಮಲೆನಾಡಿನ ಪ್ರತಿ ಊರಿನಲ್ಲೂ ಇದ್ದಾರೆ. ಮಾವು, ಗೋಡಂಬಿ ಗೇರು, ಹೊಳಗೇರು ಎಲ್ಲ ಒಂದೇ ಕುಟುಂಬ. ಅಪ್ಪೆಮಿಡಿ ಕೊಯ್ಯುವಾಗ ಸಿಡಿಯುವ ಸೊನೆಯೂ ಅದೇ ಜಾತಿಯ ಉರಿ. ಸೊನೆ ಮೊದಲ ಸಲ ತಾಗಿದಾಗ ಏನೂ ಆಗದಿರಬಹುದು. ಆದರೆ ಚರ್ಮದ ಟಿ ಕೋಶಗಳು ಅದರ ಗುರುತು ಇಟ್ಟುಕೊಳ್ಳುತ್ತವೆ. ಮುಂದಿನ ಸಲ ಒಂದು, ಎರಡು, ಮೂರು ದಿನ ತಡವಾಗಿ ಪ್ರತೀಕಾರ. ಕ್ರೀಮಿನ ಪರಿಮಳದ್ರವ್ಯಕ್ಕೂ ಇದೇ ದಾರಿ. ಅಂಗಡಿಯಲ್ಲಿ ಕೈಮೇಲೆ ಒಂದು ತೊಟ್ಟು ಹಚ್ಚಿ ಐದು ನಿಮಿಷ ನೋಡಿ ಕೊಳ್ಳುವುದು ಅದಕ್ಕೇ ಉಪಯೋಗವಿಲ್ಲ. ಮೊಣಕೈ ಮಡಚುವಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಬೇಕು. ಆಮೇಲೆ ದವಡೆಯಂಚಿಗೆ. ಆಮೇಲೆ ಮುಖಕ್ಕೆ. ಒಂದು ಸಲಕ್ಕೆ ಒಂದೇ ವಸ್ತು. ಎರಡು ಒಟ್ಟಿಗೆ ಶುರುಮಾಡಿ ಉರಿ ಬಂದರೆ ಕಳ್ಳ ಯಾರೆಂದು ಹಿಡಿಯುವುದು ಹೇಗೆ? ಚರ್ಮದ ಮೇಲ್ಪದರ ಹೊಸದಾಗಲು ನಾಲ್ಕು ವಾರವಾದರೂ ಬೇಕು, ಇವತ್ತು ಕಂಡ ಮೊಡವೆ ವಾರಗಳ ಹಿಂದೆಯೇ ಒಳಗೆ ಮೊಳೆತದ್ದು. ಹೀಗಾಗಿ ಹತ್ತು ದಿನಕ್ಕೆ "ಇದು ಕೆಲಸ ಮಾಡ್ಲಿಲ್ಲ" ಎನ್ನುವುದು ಸಸಿ ನೆಟ್ಟ ವಾರಕ್ಕೆ ಕೊನೆ ಕೇಳಿದ ಹಾಗೆ.

ನವೆಂಬರ್‌ನಲ್ಲಿ ಉರಿ ಪೂರ್ತಿ ನಿಂತ ಮೇಲೆ ವೈದ್ಯರು ಹಣೆ–ಗಲ್ಲಕ್ಕೆ ಮಾತ್ರ ಬೆಂಜಾಯಿಲ್ ಪೆರಾಕ್ಸೈಡ್ ಬರೆದುಕೊಟ್ಟರು, ಶೇ. 2.5ರದು. ಶೇ. 10ರದು ಕೊಟ್ಟಿದ್ದರೆ ಬೇಗ ಹೋಗುತ್ತಿತ್ತಲ್ಲ ಎಂದು ಅವಳ ತಕರಾರು. 1986ರಲ್ಲೇ ಮೂರು ಪ್ರಮಾಣಗಳನ್ನು ಹೋಲಿಸಿ ನೋಡಿದ್ದಾರೆ: ಕೆಂಪು ಮೊಡವೆಯ ಮೇಲೆ 2.5 ಮಾಡುವ ಕೆಲಸ 10ರಷ್ಟೇ, ಸಿಪ್ಪೆ ಏಳುವುದು, ಉರಿಯುವುದು ಕಡಿಮೆ. (ದಿಂಬಿನ ಬಣ್ಣ ಮಾತ್ರ ಹೋಗುತ್ತದೆ, ಎಲ್ಲದಕ್ಕೂ ಬಿಳಿ ಬಟ್ಟೆ ಹಾಸಬೇಕು.) ನಂತರ ಅಡಾಪಲೀನ್, ದಿನ ಬಿಟ್ಟು ದಿನ ರಾತ್ರಿ, ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು. ಇದು ಕ್ಲಿಗ್ಮನ್ 1969ರಲ್ಲಿ ಮೊಡವೆಗೆ ಹಚ್ಚಿ ತೋರಿಸಿದ ವಿಟಮಿನ್ ಎ ಆಮ್ಲದ ನಂತರದ ತಲೆಮಾರಿನ, ಸೌಮ್ಯ ಔಷಧಿ. ಬಿರಡೆ ಕಟ್ಟದಂತೆ ತಡೆಯುತ್ತದೆ. ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣಬಹುದು, ಫಲಕ್ಕೆ ಮೂರು ತಿಂಗಳು. ಗರ್ಭಿಣಿಯರು ಮುಟ್ಟಬಾರದು. ನಮ್ಮಂಥ ಕಂದುಚರ್ಮದವರಿಗೆ ಅವಸರದ ದಂಡ ದೊಡ್ಡದು, ಸಣ್ಣ ಉರಿಯೂ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ಕೂರುತ್ತದೆ.

ಅಷ್ಟರಲ್ಲಿ ಅಡಿಕೆ ಸುಲಿ ಶುರುವಾಯಿತು, ಬೆಳಗಿನ ಇಬ್ಬನಿಯ ಹಿಂದೆಯೇ ಒಣಗಾಳಿ ಬಂತು. ಆಗಸ್ಟ್‌ನ ದಿನಚರಿ ಡಿಸೆಂಬರಿಗೆ ಸಾಲಲಿಲ್ಲ, ಕೆನ್ನೆ ಮತ್ತೆ ಬಿರಿಯಿತು. ಅಡಾಪಲೀನ್ ಮೂರು ದಿನಕ್ಕೊಮ್ಮೆಗೆ ಇಳಿಯಿತು. ಸುಲಿಯುವ ಕೈ ಮುಖಕ್ಕೆ ತಾಗದಿರಲು ತಲೆಗೊಂದು ಬಟ್ಟೆ ಕಟ್ಟಿಕೊಂಡಳು. ಕೆನ್ನೆಗೆ ಏನಾದರೂ ನಮ್ಮದೇ ಸಿಕ್ಕೀತೇ ಎಂದು ನಾಗಂದಿಗೆಯಿಂದ ಮುರುಗಲ ತುಪ್ಪದ ಉಂಡೆ ಇಳಿಸಿದೆವು. ಮೇಣದಂತೆ ಗಟ್ಟಿ, ಮೈಶಾಖಕ್ಕಿಂತ ತುಸು ಮೇಲೆ ಕರಗುವಂಥದ್ದು, ಅರ್ಧಕ್ಕೂ ಹೆಚ್ಚು ಸ್ಟಿಯರಿಕ್ ಆಮ್ಲ. ಬೆರಳಿನಲ್ಲಿ ಉಜ್ಜಿದರೆ ನಿಧಾನಕ್ಕೆ ಮೆತ್ತಗಾಗುತ್ತದೆ. ಮೊಣಕೈಯಲ್ಲಿ ಒಂದು ವಾರ, ದವಡೆಯಲ್ಲಿ ಒಂದು ವಾರ, ಮತ್ತೆ ರಾತ್ರಿ ಕೆನ್ನೆಗೆ, ಮಾಯಿಶ್ಚರೈಸರ್ ಮೇಲೆ ತೆಳ್ಳಗೆ. ಹಣೆಗೆ ಇಲ್ಲ. ಅವಳಿಗೆ ಒಗ್ಗಿತು. ಎಲ್ಲರಿಗೂ ಒಗ್ಗುತ್ತದೆ ಎಂದು ನಾನು ಬರೆಯಲಾರೆ.

ಬಚ್ಚಲಿನ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅವಳ ಲೆಕ್ಕವೂ ಸೇರಿದೆ: ಯಾವ ದಿನ ಏನು ಹಚ್ಚಿದ್ದು, ಎಲ್ಲಿ ಉರಿದದ್ದು, ತಿಂಗಳ ಮುಟ್ಟಿನ ದಿನ, ಹಣೆಯಲ್ಲಿ ಎಷ್ಟು ಮೊಡವೆ. ಆಗಸ್ಟ್‌ನಲ್ಲಿ ಹತ್ತೊಂಬತ್ತು, ಫೆಬ್ರವರಿಯಲ್ಲಿ ನಾಲ್ಕು. ಮೊನ್ನೆ ಫೋನಿನಲ್ಲಿ ಮತ್ತೆ ದೂರು. "ಚಿಕ್ಕಿ, ಆ ದುಬಾರಿ ಮಾಯಿಶ್ಚರೈಸರ್ ಖಾಲಿ. ಅಮ್ಮ ಹಿಮ್ಮಡಿಗೆ ಹಚ್ಚಿ ಮುಗ್ಸಿದಾಳೆ. ಮುರುಗಲ ತುಪ್ಪ ವಾಸನೆ ಅಂತೆ!"