ಹೈಟ್ ಒಂದೇ, ಸೈಕಲ್ ಸೈಜ್ ಬೇರೆ! ಯಾಕೆ?

ಇವತ್ತಿನ ವಿಷಯ ಸೈಕಲ್ ಫ್ರೇಮ್ ಸೈಜ್. ನನ್ನ ಜೇಬಿಗೂ ಬೆನ್ನಿಗೂ ಒಟ್ಟಿಗೇ ಪೆಟ್ಟು ಕೊಟ್ಟ ವಿಷಯ ಇದು.

ಮೊದಲ ರೋಡ್ ಬೈಕ್ ತಗೊಳ್ಳುವಾಗ ಅಂಗಡಿಯವರು ಕೇಳಿದ್ದು ಒಂದೇ: "ಹೈಟ್ ಎಷ್ಟು?" 170 ಸೆಂ.ಮೀ. ಅಂದೆ. ಚಾರ್ಟ್ ನೋಡಿ 54 ಸೈಜ್ ಕೊಟ್ರು. ಎರಡೇ ತಿಂಗಳಲ್ಲಿ ಕತ್ತು, ಸೊಂಟ ಹಿಡ್ಕೊಳ್ತು. ಕೊನೆಗೆ ನಷ್ಟಕ್ಕೆ ಮಾರಿದೆ.

ತಪ್ಪು ಎಲ್ಲಾಯ್ತು? ಮೊದಲು ಕಾಲು ಅಳೆಯೋಣ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಕಾಲುಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡೀರಿ. ಅದರ ಮೇಲಂಚಿನಿಂದ ನೆಲದವರೆಗಿನ ಅಳತೆಯನ್ನು 0.67ರಿಂದ ಗುಣಿಸಿದ್ರೆ ರೋಡ್ ಬೈಕಿನ ಅಂದಾಜು ಸೈಜ್ ಸಿಗುತ್ತೆ. ನನ್ನದು 82, ಅಂದ್ರೆ ಸುಮಾರು 55. ನನ್ನಷ್ಟೇ ಎತ್ತರದ ಗೆಳೆಯನದು 76, ಅವನಿಗೆ 51!

ಹಾಗಾದ್ರೆ ನನಗೆ 54 ಸರಿಯಾಗೇ ಇತ್ತಲ್ವಾ? ಇಲ್ಲೇ ಇರೋದು ಮರ್ಮ. ನನ್ನ ಕಾಲು ಉದ್ದ, ಸೊಂಟದಿಂದ ಮೇಲೆ ಗಿಡ್ಡ. ಫ್ರೇಮ್ ದೊಡ್ಡದಾದಷ್ಟೂ ಹ್ಯಾಂಡಲ್ ದೂರ ಹೋಗುತ್ತೆ. ನಾನು ಬಗ್ಗಿ ಬಗ್ಗಿ ಎಟುಕಿಸ್ಕೊಳ್ತಿದ್ದೆ. ಸೀಟನ್ನು ಮೇಲಕ್ಕೆತ್ತಬಹುದು, ಫ್ರೇಮಿನ ಉದ್ದ ಕಡಿಮೆ ಮಾಡೋಕಾಗಲ್ಲ. ಅದಕ್ಕೇ ನನ್ನಂಥವರು ಎರಡು ಸೈಜ್ ನಡುವೆ ಸಿಕ್ಕಿಕೊಂಡ್ರೆ ಚಿಕ್ಕದನ್ನೇ ಆರಿಸಿ. ಗೆಳೆಯನಂತೆ ಮೈ ಉದ್ದ ಇದ್ರೆ ದೊಡ್ಡದು ನೋಡಬಹುದು. ಆದರೆ ಸೈಕಲ್ ದಾಟಿ ನಿಂತಾಗ ಅಡ್ಡಪೈಪಿನ ಮೇಲೆ ಎರಡು ಬೆರಳಾದ್ರೂ ಜಾಗ ಉಳೀಬೇಕು.

ಕೊನೇ ಪರೀಕ್ಷೆ: ಕೂತು ಹ್ಯಾಂಡಲ್ ಹಿಡೀರಿ. ಮೊಣಕೈ ಸ್ವಲ್ಪ ಮಡಚಿದ್ದು, ಭುಜ ಹಗುರಾಗಿದ್ರೆ ಅದು ನಿಮ್ಮ ಸೈಕಲ್. ಡಿಸ್ಕೌಂಟ್ ಆಮೇಲೆ ನೋಡೋಣ, ಮೊದಲು ಟೇಪ್ ಹಿಡೀರಿ!