ಸ್ಪೋರ್ಟ್ಸ್ ಕೂಪೆ ಕಾರುಗಳ ಎಂಜಿನ್ ತೈಲ

ಸ್ಪೋರ್ಟ್ಸ್ ಕೂಪೆ ಎಂದರೆ ಸಾಮಾನ್ಯವಾಗಿ ಎರಡು ಬಾಗಿಲುಗಳ, ತಗ್ಗಿದ ಛಾವಣಿಯ, ಹೆಚ್ಚು ಶಕ್ತಿಯ ಎಂಜಿನ್ ಹೊಂದಿದ ಕಾರು. ಇಂತಹ ಕಾರಿನ ಎಂಜಿನ್ ಎಷ್ಟು ತೈಲ ಹಿಡಿಯುತ್ತದೆ, ಯಾವ ದರ್ಜೆಯ ತೈಲ ಬೇಕು, ಎಷ್ಟು ಕಾಲಕ್ಕೊಮ್ಮೆ ಅದನ್ನು ಬದಲಿಸಬೇಕು ಎಂಬುದನ್ನು ತಯಾರಕರು ಪ್ರತಿಯೊಂದು ಎಂಜಿನ್ನಿಗೂ ಬೇರೆಬೇರೆಯಾಗಿ ನಿಗದಿಪಡಿಸುತ್ತಾರೆ. ತೈಲದ ಪ್ರಮಾಣವು ಕಾರು ಎಲ್ಲಿ ಓಡಿದರೂ ಬದಲಾಗುವುದಿಲ್ಲ, ಆದರೆ ದರ್ಜೆಯು ಹವಾಮಾನಕ್ಕೆ ತಕ್ಕಂತೆ ಬದಲಾಗಬಹುದು. ಬದಲಾವಣೆಯ ಅವಧಿಯು ಕಾರು ಓಡುವ ಊರಿನ ಧೂಳು, ಸೆಕೆ ಮತ್ತು ವಾಹನ ದಟ್ಟಣೆಯನ್ನು ಅವಲಂಬಿಸಿದೆ. ಆದ್ದರಿಂದ ಬೆಂಗಳೂರಿನಲ್ಲಿ ಅಥವಾ ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂನಲ್ಲಿ ಓಡುವ ಕಾರಿಗೆ ಯುರೋಪಿನ ಹೆದ್ದಾರಿಗೆಂದು ಬರೆದ ಅವಧಿಯನ್ನು ಹಾಗೆಯೇ ಅನ್ವಯಿಸುವುದು ಸರಿಯಾಗದು.

ತೈಲದ ಕೆಲಸ

ಗ್ಯಾರೇಜಿನ ಮಾತಿನಲ್ಲಿ ‘ಎಂಜಿನ್ ಆಯಿಲ್’ ಎನಿಸಿಕೊಳ್ಳುವ ಈ ದ್ರವವು ಲೋಹದ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಸವೆತವನ್ನು ತಡೆಯುತ್ತದೆ. ಪಿಸ್ಟನ್ ಮತ್ತು ಬೇರಿಂಗುಗಳಿಂದ ಶಾಖವನ್ನು ಹೊತ್ತೊಯ್ಯುತ್ತದೆ. ಉರಿಯುವಿಕೆಯಿಂದ ಹುಟ್ಟುವ ಮಸಿ ಮತ್ತು ಆಮ್ಲಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಟರ್ಬೋಚಾರ್ಜರ್ ಇರುವ ಎಂಜಿನ್ನಿನಲ್ಲಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ದಂಡವು ಸಹ ಇದೇ ತೈಲದ ಪದರದ ಮೇಲೆ ನಿಂತಿರುತ್ತದೆ. ಹಳೆಯ ತೈಲ ಕಪ್ಪಾಗಿ ಕಾಣುವುದು ಕೆಟ್ಟದ್ದರ ಲಕ್ಷಣವೇ ಆಗಬೇಕಿಲ್ಲ, ಮಸಿಯನ್ನು ಹಿಡಿದಿಡುವ ಕೆಲಸವನ್ನು ಅದು ಮಾಡುತ್ತಿದೆ ಎಂಬುದಕ್ಕೂ ಸಾಕ್ಷಿಯಾಗಿರಬಹುದು. ಬಣ್ಣ ನೋಡಿ ತೈಲದ ಆಯುಷ್ಯವನ್ನು ಹೇಳಲಾಗದು.

ಪ್ರಮಾಣ

ಮಾರುತಿ 800ರಂತಹ ಸಣ್ಣ ಕಾರಿನ ಎಂಜಿನ್ನಿಗೆ ಸುಮಾರು 3 ಲೀಟರ್ ತೈಲ ಸಾಕು. ಬಿಎಂಡಬ್ಲ್ಯು ಕಂಪನಿಯ ಬಿ58 ಎಂಬ ಆರು ಸಿಲಿಂಡರಿನ 3 ಲೀಟರ್ ಎಂಜಿನ್ನಿಗೆ ಸೋಸುಗದೊಂದಿಗೆ 6.5 ಲೀಟರ್ ಬೇಕು. ಹಿಂದಿನ ತಲೆಮಾರಿನ ಮರ್ಸಿಡಿಸ್-ಬೆಂಜ್ ಸಿಎಲ್ 500 ಮತ್ತು ಎಸ್ಎಲ್ 500 ಕಾರುಗಳಲ್ಲಿದ್ದ ಎಂ113 ಎಂಬ ಎಂಟು ಸಿಲಿಂಡರಿನ ಎಂಜಿನ್ನಿಗೆ 8 ಲೀಟರ್ ಬೇಕು. ಗಾಳಿಯಿಂದ ತಣಿಯುವ ಹಳೆಯ ಪೋರ್ಷೆ 911 ಕಾರುಗಳ ಪೈಕಿ 964 ಸರಣಿಯದು ಒಟ್ಟು ಸುಮಾರು 11.5 ಲೀಟರ್ ಹಿಡಿಯುತ್ತದೆ. ಆದರೆ ಬದಲಾವಣೆಯ ವೇಳೆ ಅಷ್ಟೂ ಹೊರಬರುವುದಿಲ್ಲ. ಕೊಳವೆಗಳಲ್ಲಿಯೂ ತಣಿಸುಗದಲ್ಲಿಯೂ ಒಂದು ಪಾಲು ಉಳಿದುಬಿಡುತ್ತದೆ. ಹೀಗಾಗಿ ‘ಒಟ್ಟು ಪ್ರಮಾಣ’ ಮತ್ತು ‘ಬದಲಾವಣೆಯ ಪ್ರಮಾಣ’ ಎಂಬ ಎರಡು ಅಂಕಿಗಳು ಕೈಪಿಡಿಯಲ್ಲಿ ಇದ್ದರೆ, ತೈಲ ಬದಲಿಸುವವರು ನೋಡಬೇಕಾದದ್ದು ಎರಡನೆಯದನ್ನು.

ದೊಡ್ಡ ಪ್ರಮಾಣಕ್ಕೆ ಕಾರಣ ಎಂಜಿನ್ನಿನ ಗಾತ್ರವೊಂದೇ ಅಲ್ಲ. ಹೆಚ್ಚು ತೈಲವಿದ್ದರೆ ಶಾಖವು ಹೆಚ್ಚು ದ್ರವದಲ್ಲಿ ಹಂಚಿಹೋಗುತ್ತದೆ, ಕೊಳೆಯೂ ತೆಳುವಾಗುತ್ತದೆ. ತಿರುವಿನಲ್ಲಿ ವೇಗವಾಗಿ ಸಾಗುವ ಕಾರಿಗೆ ಇನ್ನೊಂದು ತೊಂದರೆ ಇದೆ. ಪಕ್ಕಕ್ಕೆ ತಳ್ಳುವ ವೇಗೋತ್ಕರ್ಷವು ಗುರುತ್ವಕ್ಕೆ ಸಮನಾದಾಗ ತೈಲದ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಆಗ ತಳದ ತೊಟ್ಟಿಯಲ್ಲಿ ತೈಲವೆಲ್ಲ ಒಂದು ಬದಿಗೆ ಸರಿದು, ಪಂಪಿನ ಹೀರುಬಾಯಿ ತೈಲದ ಬದಲು ಗಾಳಿಯನ್ನು ಎಳೆದುಕೊಳ್ಳಬಹುದು. ಇದನ್ನು ತಡೆಯಲು ತೊಟ್ಟಿಯೊಳಗೆ ಅಡ್ಡತಗಡುಗಳನ್ನು ಇಡುತ್ತಾರೆ. ಹಳೆಯ 911ರಲ್ಲಿ ತೈಲವನ್ನು ಎಂಜಿನ್ನಿನ ತಳದಲ್ಲಿಡದೆ ಬೇರೆಯೇ ತೊಟ್ಟಿಯಲ್ಲಿ ಶೇಖರಿಸುತ್ತಿದ್ದುದಕ್ಕೂ ಇದೇ ಕಾರಣ.

ಅಂತರಜಾಲದಲ್ಲಿ ಸಿಗುವ ಅಂಕಿಗಳು ಬಹುಪಾಲು ಅಮೆರಿಕದವು, ಅಲ್ಲಿನ ಅಳತೆ ಕ್ವಾರ್ಟ್. ಒಂದು ಅಮೆರಿಕನ್ ಕ್ವಾರ್ಟ್ 0.946 ಲೀಟರಿಗೆ ಸಮ. ಭಾರತದಲ್ಲಿಯೂ ಮಾರಾಟವಾದ ಫೋರ್ಡ್ ಮಸ್ಟಾಂಗ್ ಜಿಟಿಯ 5 ಲೀಟರ್ ಎಂಜಿನ್ನಿಗೆ 2015–17ರ ಮಾದರಿಗಳಲ್ಲಿ 8 ಕ್ವಾರ್ಟ್, ಎಂದರೆ ಸುಮಾರು 7.6 ಲೀಟರ್ ಬೇಕು. ಅದನ್ನು 8 ಲೀಟರ್ ಎಂದು ಓದಿಕೊಂಡು ಸುರಿದರೆ ನಾನೂರು ಮಿಲಿಲೀಟರಿಗೂ ಮಿಕ್ಕಿ ತೈಲ ಹೆಚ್ಚಾಗುತ್ತದೆ. ಅಳತೆಕಡ್ಡಿಯ ಕೆಳಗೆರೆ ಮತ್ತು ಮೇಲ್ಗೆರೆಗಳ ನಡುವಿನ ಅಂತರವು ಬಹಳಷ್ಟು ಕಾರುಗಳಲ್ಲಿ ಸುಮಾರು ಒಂದು ಲೀಟರ್ ಮಾತ್ರ ಎಂಬುದನ್ನು ನೆನೆದರೆ ಈ ತಪ್ಪು ಚಿಕ್ಕದಲ್ಲ. ತೈಲ ಹೆಚ್ಚಾದರೆ ತಿರುಗುವ ಕ್ರ್ಯಾಂಕ್ ದಂಡ ಅದನ್ನು ಕಡೆದು ನೊರೆಯಾಗಿಸುತ್ತದೆ. ನೊರೆಯಲ್ಲಿರುವ ಗಾಳಿ ಬೇರಿಂಗಿನ ಭಾರವನ್ನು ಹೊರಲಾರದು. ಹೆಚ್ಚಾದ ತೈಲ ಗಾಳಿಕೊಳವೆಯ ಮೂಲಕ ದಹನಕೋಶವನ್ನು ಸೇರಿ ನೀಲಿ ಹೊಗೆಯಾಗಿ ಹೊರಬರುವುದೂ ಉಂಟು.

ದರ್ಜೆ

ಡಬ್ಬಿಯ ಮೇಲಿನ 0ಡಬ್ಲ್ಯು-40, 5ಡಬ್ಲ್ಯು-30 ಮುಂತಾದ ಗುರುತುಗಳು ತೈಲದ ಸ್ನಿಗ್ಧತೆಯನ್ನು ಸೂಚಿಸುತ್ತವೆ. ಮೊದಲನೆಯದು ಚಳಿಯಲ್ಲಿ ಎಂಜಿನ್ ಆರಂಭವಾಗುವಾಗಿನ ಗುಣ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿನ ಗುಣ. ದಕ್ಷಿಣ ಕರ್ನಾಟಕದಲ್ಲಿ ಹಿಮ ಬೀಳದಿದ್ದರೂ ಮೊದಲ ಅಂಕಿ ನಿರರ್ಥಕವಲ್ಲ, ಬೆಳಗಿನ ಮೊದಲ ಕ್ಷಣಗಳಲ್ಲಿ ತೈಲ ಬೇಗ ಮೇಲೇರಲು ಅದು ನೆರವಾಗುತ್ತದೆ. ಆದರೆ ಸ್ನಿಗ್ಧತೆ ಒಂದೇ ಆದ ಎರಡು ತೈಲಗಳು ಒಂದೇ ಅಲ್ಲ. ಮರ್ಸಿಡಿಸ್‌ನ 229.5, ಬಿಎಂಡಬ್ಲ್ಯುವಿನ ಲಾಂಗ್‌ಲೈಫ್-04, ಪೋರ್ಷೆಯ ಎ40 ಇವು ಆಯಾ ತಯಾರಕರು ಪರೀಕ್ಷಿಸಿ ಕೊಟ್ಟ ಒಪ್ಪಿಗೆಯ ಗುರುತುಗಳು. ಕೈಪಿಡಿ ಕೇಳುವ ಒಪ್ಪಿಗೆಯ ಸಂಖ್ಯೆ ಡಬ್ಬಿಯ ಹಿಂಬದಿಯಲ್ಲಿ ಇದೆಯೇ ಎಂದು ನೋಡುವುದು ಜಾಹೀರಾತಿನ ಮಾತಿಗಿಂತ ಹೆಚ್ಚು ಪ್ರಯೋಜನಕಾರಿ.

ಬದಲಾವಣೆಯ ಅವಧಿ

ಹಲವು ತಯಾರಕರು 15,000 ಕಿ.ಮೀ. ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು, ಎಂದು ಸೂಚಿಸುತ್ತಾರೆ. ‘ಕಠಿಣ ಬಳಕೆ’ಗೆ ಅವಧಿಯನ್ನು ತಗ್ಗಿಸಬೇಕೆಂದು ಅನೇಕ ಕೈಪಿಡಿಗಳಲ್ಲಿ ಬೇರೆ ಪುಟದಲ್ಲಿ ಬರೆದಿರುತ್ತದೆ. ಧೂಳು, ಕಿರುಪ್ರಯಾಣ, ನಿಂತು ಹೊರಡುವ ಸಂಚಾರ, ಅತಿ ಸೆಕೆ ಇವೆಲ್ಲ ಕಠಿಣ ಬಳಕೆಯೇ. ಆ ಪುಟವನ್ನು ಓದುವವರು ಕಡಿಮೆ.

ಕಿಲೋಮೀಟರ್ ಲೆಕ್ಕದ ಮಿತಿಯನ್ನು ಅರಿಯಲು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲೇ ಒಳ್ಳೆಯ ಹೋಲಿಕೆ ಸಿಗುತ್ತದೆ. ಅಲ್ಲಿನ ಬಿಇಎಂಎಲ್ ಕಾರ್ಖಾನೆಯಲ್ಲಿ ತಯಾರಾಗುವ ಬುಲ್ಡೋಜರ್, ಎಕ್ಸ್‌ಕವೇಟರುಗಳಂತಹ ಯಂತ್ರಗಳಿಗೆ ತೈಲ ಬದಲಾವಣೆಯನ್ನು ಗಂಟೆಗಳಲ್ಲಿ ನಿಗದಿಪಡಿಸುವುದು ವಾಡಿಕೆ. ನಿಂತಲ್ಲೇ ಮಣ್ಣು ಅಗೆಯುವ ಯಂತ್ರಕ್ಕೆ ಕಿಲೋಮೀಟರ್ ಲೆಕ್ಕ ಹೊಂದದು. ಇದೇ ಗಂಟೆ ಲೆಕ್ಕವನ್ನು ಕಾರಿಗೆ ಹಾಕಿದರೆ ಚಿತ್ರ ಬದಲಾಗುತ್ತದೆ. ಗಂಟೆಗೆ ಸರಾಸರಿ 80 ಕಿ.ಮೀ. ವೇಗದಲ್ಲಿ 15,000 ಕಿ.ಮೀ. ಓಡಲು ಎಂಜಿನ್ ಸುಮಾರು 190 ಗಂಟೆ ದುಡಿಯುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಸರಾಸರಿ 20 ಕಿ.ಮೀ. ಎಂದಿಟ್ಟುಕೊಂಡರೆ ಅದೇ ದೂರಕ್ಕೆ 750 ಗಂಟೆ ಬೇಕು. ಮೀಟರಿನ ಅಂಕಿ ಒಂದೇ, ತೈಲ ಪಟ್ಟ ಪಾಡು ನಾಲ್ಕು ಪಟ್ಟು.

ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಕೆಜಿಎಫ್ ತಾಲ್ಲೂಕುಗಳ ಮೂಲಕ ಸಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಂತಹ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವಾಗ ತೈಲ ಪೂರ್ತಿ ಬಿಸಿಯಾಗಿ, ಅದರಲ್ಲಿ ಸೇರಿದ ನೀರಿನ ಅಂಶ ಮತ್ತು ಪೆಟ್ರೋಲ್ ಆವಿಯಾಗುತ್ತವೆ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ ಶೆಡ್ಡಿನಲ್ಲಿ ನಿಲ್ಲಿಸುವ ಕಾರಿನಲ್ಲಿ ಹೀಗಾಗುವುದಿಲ್ಲ. ದುಬಾರಿ ಕೂಪೆಗಳ ಪಾಡು ಅನೇಕ ವೇಳೆ ಇದೇ. ವರ್ಷಕ್ಕೆ ಎರಡು ಸಾವಿರ ಕಿ.ಮೀ. ಓಡಿದ ಕಾರಿಗೂ ವರ್ಷಕ್ಕೊಮ್ಮೆ ತೈಲ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಧೂಳು

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ತೆಗೆದ ಬಳಿಕ ಉಳಿದ ಕಲ್ಲಿನ ಹುಡಿಯ ದಿಬ್ಬಗಳು ಮಾತ್ರ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ ಸುತ್ತ ಹಾಗೆಯೇ ಇವೆ. ಸ್ಥಳೀಯರು ಸೈನೈಡ್ ದಿಬ್ಬಗಳೆನ್ನುವ ಇವುಗಳಿಂದ ಗಾಳಿಕಾಲದಲ್ಲಿ ನಯವಾದ ಧೂಳು ಏಳುತ್ತದೆ. ಜನರ ಉಸಿರಾಟಕ್ಕೆ ಅದು ತರುವ ತೊಂದರೆಯ ಮುಂದೆ ಕಾರಿನ ಪ್ರಶ್ನೆ ಗೌಣ. ಆದರೂ ಎಂಜಿನ್ನಿನ ದೃಷ್ಟಿಯಿಂದ ಇದು ಸಾಮಾನ್ಯ ಮಣ್ಣಲ್ಲ. ಅದರಲ್ಲಿ ಹೇರಳವಾಗಿರುವ ಸ್ಫಟಿಕಶಿಲೆಯ ಗಡಸುತನ ಮೋಹ್ಸ್ ಮಾಪಕದಲ್ಲಿ 7. ಗಾಳಿ ಸೋಸುಗ ಹರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ ಈ ಕಣಗಳು ಸಿಲಿಂಡರಿನ ಗೋಡೆಯಿಂದ ತೈಲಕ್ಕೆ ಇಳಿದು ಉಂಗುರಗಳನ್ನೂ ಬೇರಿಂಗುಗಳನ್ನೂ ಅರೆಯುತ್ತವೆ. ಬಳಸಿದ ತೈಲದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಸಿಲಿಕಾನ್ ಅಂಶ ಏರಿದ್ದು, ಜೊತೆಗೆ ಕಬ್ಬಿಣ, ಅಲ್ಯೂಮಿನಿಯಂ ಸಹ ಹೆಚ್ಚಿದ್ದರೆ ಧೂಳು ನುಗ್ಗಿದೆಯೆಂದು ತಿಳಿಯಬಹುದು. ಧೂಳಿನ ಊರಿನಲ್ಲಿ ತೈಲಕ್ಕಿಂತ ಮೊದಲು ಗಾಳಿ ಸೋಸುಗವನ್ನು ನೋಡಬೇಕು.

ಬದಲಿಸುವ ಕ್ರಮ

ಕಾರನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬೆಚ್ಚಗಿರುವಾಗ ತಳದ ಬಿರಟೆಯನ್ನು ತೆಗೆದು ತೈಲವನ್ನು ಬಸಿಯುತ್ತಾರೆ. ನೆಲಕ್ಕೆ ತೀರ ಹತ್ತಿರವಿರುವ ಕೂಪೆಗಳಿಗೆ ಲಿಫ್ಟ್ ಬೇಕಾಗುತ್ತದೆ. ಕೆಲವು ಮರ್ಸಿಡಿಸ್ ಎಂಜಿನ್ನುಗಳಲ್ಲಿ ಅಳತೆಕಡ್ಡಿಯ ಕೊಳವೆಯ ಮೂಲಕ ಮೇಲಿನಿಂದಲೇ ಹೀರಿ ತೆಗೆಯುವ ಪದ್ಧತಿಯಿದೆ. ಸೋಸುಗ, ಅದರ ರಬ್ಬರ್ ಉಂಗುರ ಮತ್ತು ಬಿರಟೆಯ ವಾಷರ್ ಹೊಸತಾಗಿರಬೇಕು. ಕೈಪಿಡಿಯ ಪ್ರಮಾಣಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು, ಎಂಜಿನ್ನನ್ನು ಸ್ವಲ್ಪ ಹೊತ್ತು ನಡೆಸಿ, ಕೈಪಿಡಿ ಹೇಳುವ ರೀತಿಯಲ್ಲಿ ಮಟ್ಟ ನೋಡಿ ಉಳಿದದ್ದನ್ನು ಸೇರಿಸುವುದು ಸುರಕ್ಷಿತ. ಮಟ್ಟ ನೋಡುವ ಬಗೆ ಎಲ್ಲ ಕಾರಿಗೂ ಒಂದೇ ಅಲ್ಲ. ಹೆಚ್ಚಿನವುಗಳಲ್ಲಿ ಎಂಜಿನ್ ನಿಲ್ಲಿಸಿ ಕೆಲವು ನಿಮಿಷ ಕಾದು ನೋಡಬೇಕು. ಗಾಳಿಯಿಂದ ತಣಿಯುವ 911ರಲ್ಲಿ ಎಂಜಿನ್ ಬಿಸಿಯಾಗಿ ನಡೆಯುತ್ತಿರುವಾಗಲೇ ನೋಡಬೇಕು. ಅನೇಕ ಹೊಸ ಬಿಎಂಡಬ್ಲ್ಯು ಕಾರುಗಳಲ್ಲಿ ಕಡ್ಡಿಯೇ ಇಲ್ಲ, ಮಟ್ಟವನ್ನು ಪರದೆಯ ಮೇಲೆ ಓದಬೇಕು.

ಬಳಸಿದ ತೈಲ

ಬಸಿದ ತೈಲವು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. 2024ರ ಏಪ್ರಿಲ್ 1ರಿಂದ ತೈಲ ತಯಾರಕರಿಗೂ ಆಮದುದಾರರಿಗೂ ಬಳಸಿದ ತೈಲದ ಮರುಬಳಕೆಯ ಹೊಣೆಯನ್ನು ವಹಿಸಲಾಗಿದೆ. ಹೀಗಿದ್ದರೂ ಅದನ್ನು ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆಗಳಿಗೆ ಬಳಿಯುವುದೂ, ಚರಂಡಿಗೆ ಸುರಿಯುವುದೂ ಕಂಡುಬರುತ್ತದೆ. ಕೊಳವೆಬಾವಿಗಳನ್ನು ನೆಚ್ಚಿರುವ ಕೋಲಾರ ಜಿಲ್ಲೆಯಲ್ಲಿ ನೆಲಕ್ಕಿಳಿದ ತೈಲ ನೀರಿಗೆ ಅಪಾಯ. ಎಂಟು ಲೀಟರ್ ತೈಲದ ಒಂದು ಕೂಪೆ ಮೂರು ಸಣ್ಣ ಕಾರುಗಳಷ್ಟು ತ್ಯಾಜ್ಯವನ್ನು ಒಮ್ಮೆಗೇ ಹೊರಹಾಕುತ್ತದೆ. ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಸಂಗ್ರಾಹಕರಿಗೆ ಕೊಡುವ ಗ್ಯಾರೇಜಿನಲ್ಲಿ ಕೆಲಸ ಮಾಡಿಸಬೇಕು. ಖಾಲಿ ಡಬ್ಬಿಗಳನ್ನು ಕತ್ತರಿಸಿ ಎಸೆಯುವ ರೂಢಿಯೂ ಇದೆ. ಹಾಗೇ ಬಿಟ್ಟ ಡಬ್ಬಿಗಳಿಗೆ ಕಲಬೆರಕೆ ತೈಲ ತುಂಬಿ ಮತ್ತೆ ಮಾರುವುದನ್ನು ಇದು ತಡೆಯುತ್ತದೆ.