ಮೊಳಕೆ ನೋಡಿ ಬೆಳೆ ಹೇಳುವವರು

ಮ್ಯಾಚ್ ಇರುವ ಸಂಜೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲ್‌ಟ್ರೇನ್ ನಿಲ್ದಾಣದಲ್ಲಿ ನಿಂತರೆ ಯಾರು ಎಲ್ಲಿಗೆ ಹೊರಟಿದ್ದಾರೆಂದು ಬಟ್ಟೆಯ ಬಣ್ಣ ನೋಡಿಯೇ ಹೇಳಬಹುದು. ಕೊರಳಲ್ಲಿ ಕಂಪನಿಯ ಬ್ಯಾಡ್ಜ್ ತೂಗುತ್ತಿದ್ದರೆ ಲ್ಯಾಬ್ ಮುಗಿಸಿ ಮನೆಗೆ. ನೀಲಿ ಬೆರೆತ ಹಸಿರು ಜೆರ್ಸಿ ತೊಟ್ಟಿದ್ದರೆ ಸ್ಯಾನ್ ಹೋಸೆಯ ಡಿರಿಡಾನ್ ನಿಲ್ದಾಣಕ್ಕೆ. ಅಲ್ಲಿಳಿದು ರಸ್ತೆ ದಾಟಿದರೆ ಎಸ್‌ಎಪಿ ಸೆಂಟರ್, ಸ್ಯಾನ್ ಹೋಸೆ ಶಾರ್ಕ್ಸ್ ತಂಡದ ತವರು. ಜೆರ್ಸಿಗಳ ಬೆನ್ನ ಮೇಲೆ ಈಗ ಮತ್ತೆ ಮತ್ತೆ ಕಾಣುವ ಸಂಖ್ಯೆ 71. ಅದು 2006ರಲ್ಲಿ ಹುಟ್ಟಿದ ಮ್ಯಾಕ್ಲಿನ್ ಸೆಲೆಬ್ರಿನಿಯದು.

ಹಾಕಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನ. ಇಲ್ಲಿಯದು ಐಸ್ ಹಾಕಿ. ಚೆಂಡಿನ ಬದಲು ರಬ್ಬರಿನ ಪಕ್, ಕಾಲಿಗೆ ಸ್ಕೇಟ್, ಮೈಗೆ ಮೈ ಗುದ್ದುವುದಕ್ಕೆ ನಿಯಮದ ಒಪ್ಪಿಗೆ. ಎನ್‌ಎಚ್‌ಎಲ್ ಎಂಬ ಲೀಗಿನಲ್ಲಿ 32 ತಂಡಗಳು, 2024-25ರ ಲೆಕ್ಕದಂತೆ ಸೀಸನ್ನಿಗೆ ತಲಾ 82 ಪಂದ್ಯ. ಆದರೆ ಅಭಿಮಾನಿಯ ಜಾತಕ ಎಲ್ಲ ಕಡೆಯೂ ಒಂದೇ. ‘ಈ ಸಲ ಕಪ್ ನಮ್ದೇ’ ಎನ್ನುತ್ತ 18 ಸೀಸನ್ ಕಾದ ಆರ್‌ಸಿಬಿಯವರಿಗೆ ಶಾರ್ಕ್ಸ್ ಅಭಿಮಾನಿಯ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 1991ರಲ್ಲಿ ಶುರುವಾದ ಈ ತಂಡ ಲೀಗಿನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿದ್ದು 2016ರಲ್ಲಿ. ಅಲ್ಲೂ ಪಿಟ್ಸ್‌ಬರ್ಗ್ ಎದುರು ಸೋಲು. 2023-24ರಲ್ಲಿ ಇಡೀ ಲೀಗಿಗೇ ಕೊನೆಯ ಸ್ಥಾನ, 2024-25ರಲ್ಲಿ ಮತ್ತೆ ಕೊನೆಯದೇ. 2023ರ ನವೆಂಬರ್‌ನಲ್ಲಂತೂ ಬೆನ್ನುಬೆನ್ನಿಗೆ ಎರಡು ಪಂದ್ಯಗಳಲ್ಲಿ 10-1, 10-2 ಅಂತರದಲ್ಲಿ ಪೆಟ್ಟು ತಿಂದಿತ್ತು.

ಹೀಗೆ ಸೋತು ಸುಣ್ಣವಾದ ತಂಡ ಹದಿನೆಂಟರ ಹುಡುಗರನ್ನು ಕರೆತಂದಾಗ ಜನ ಅವರ ಹೆಗಲಿಗೆ ಏನೇನೋ ಹೊರಿಸುತ್ತಾರೆ. ಹೊರಿಸುವ ಮುನ್ನ ಕೆಲವು ನಂಬಿಕೆಗಳನ್ನು ಪರೀಕ್ಷಿಸಿ ನೋಡಬೇಕು.

‘ಮೊದಲ ಸುತ್ತಿನ ಹುಡುಗ, ಬಂದ ವರ್ಷವೇ ಮಿಂಚಬೇಕು’

ಎನ್‌ಎಚ್‌ಎಲ್‌ನಲ್ಲಿ ಹೊಸಬರನ್ನು ತಂಡಗಳು ಹಂಚಿಕೊಳ್ಳುವುದು ಡ್ರಾಫ್ಟ್ ಮೂಲಕ. ಏಳು ಸುತ್ತು, ಒಟ್ಟು 224 ಆಯ್ಕೆ. ಹೆಚ್ಚಿನವರಿಗೆ ಆಗಷ್ಟೇ 18 ತುಂಬಿರುತ್ತದೆ. ಅಂದರೆ ನಮ್ಮ ಲೆಕ್ಕದಲ್ಲಿ ಪಿಯುಸಿ ಮುಗಿಸಿದ ಹುಡುಗ. ಅವನು ಎದುರಿಸಬೇಕಾದವರು ಮೂವತ್ತು ದಾಟಿದ, ಮದುವೆ ಮಕ್ಕಳಾದ, ಭುಜ ಗಟ್ಟಿಯಾದ ಗಂಡಸರು.

2024ರ ಜೂನ್ 28ರಂದು ಲಾಸ್ ವೇಗಸ್‌ನಲ್ಲಿ ಮೊದಲ ಆಯ್ಕೆಯಾಗಿ ಶಾರ್ಕ್ಸ್ ಸೇರಿದ ಸೆಲೆಬ್ರಿನಿ ಮೊದಲ ಪಂದ್ಯದಲ್ಲೇ ಗೋಲು ಹೊಡೆದ, ಅದೇ ಪಂದ್ಯದಲ್ಲಿ ಗಾಯಗೊಂಡು ಮುಂದಿನ 12 ಪಂದ್ಯ ಹೊರಗುಳಿದ. ಆದರೂ ಸೀಸನ್ ಮುಗಿಯುವಾಗ 70 ಪಂದ್ಯಗಳಲ್ಲಿ 25 ಗೋಲು, 38 ಅಸಿಸ್ಟ್, ಒಟ್ಟು 63 ಪಾಯಿಂಟ್. (ಇಲ್ಲಿ ಆಟಗಾರನ ಪಾಯಿಂಟ್ ಅಂದರೆ ಗೋಲು ಮತ್ತು ಗೋಲಿಗೆ ನೆರವಾದ ಅಸಿಸ್ಟ್ ಎರಡೂ ಸೇರಿ.) ಇದು ಅಪರೂಪದ ಸಾಧನೆ. ಆದರೆ ನೋಡುಗರು ಅಪರೂಪವನ್ನೇ ಅಳತೆಗೋಲು ಮಾಡಿಕೊಂಡರು. ಅದೇ ಸೀಸನ್ನಿನಲ್ಲಿ ಬಂದ ವಿಲ್ ಸ್ಮಿತ್‌ನನ್ನು ಅದೇ ಕೋಲಿಂದ ಅಳೆದರು. ಸ್ಮಿತ್ 2023ರ ನಾಲ್ಕನೇ ಆಯ್ಕೆ. ಬಾಸ್ಟನ್ ಕಾಲೇಜಿನಲ್ಲಿ 41 ಪಂದ್ಯಕ್ಕೆ 71 ಪಾಯಿಂಟ್ ಗಳಿಸಿ ಬಂದವನು. ಇಲ್ಲಿ ಮೊದಲ ಗೋಲು ಬರುವಷ್ಟರಲ್ಲಿ ಅಕ್ಟೋಬರ್ ಮುಗಿಯುತ್ತಿತ್ತು. ಬೆನ್ನುಬೆನ್ನಿಗೆ ಎರಡು ದಿನ ಪಂದ್ಯವಿದ್ದರೆ ಒಂದು ದಿನ ಅವನನ್ನು ಆಡಿಸದೆ ವ್ಯಾಯಾಮಕ್ಕೆ ಹಚ್ಚುವುದು ತಂಡ ಮೊದಲೇ ಹಾಕಿಕೊಂಡ ಯೋಜನೆಯಾಗಿತ್ತು. ಗ್ಯಾಲರಿಯಿಂದ ನೋಡಿದವರಿಗೆ ಮಾತ್ರ ಅದು ಶಿಕ್ಷೆಯ ಹಾಗೆ ಕಂಡಿತು. ಸೀಸನ್ ಕೊನೆಗೆ ಅವನ ಖಾತೆಯಲ್ಲಿ 74 ಪಂದ್ಯ, 45 ಪಾಯಿಂಟ್. ಪಕ್ಕದಲ್ಲಿ ಸೆಲೆಬ್ರಿನಿ ಇಲ್ಲದಿದ್ದರೆ ಇದನ್ನೇ ಹೊಗಳಿ ಬರೆಯುತ್ತಿದ್ದರು.

ಶಾರ್ಕ್ಸ್‌ನ ಹಳೆಯ ದಾಖಲೆ ತೆಗೆದರೆ ಪ್ಯಾಟ್ರಿಕ್ ಮಾರ್ಲೋ ಸಿಗುತ್ತಾರೆ. 1997ರ ಎರಡನೇ ಆಯ್ಕೆ. ಹುಟ್ಟಿದ್ದು 1979ರ ಸೆಪ್ಟೆಂಬರ್ 15ರಂದು. ವಯಸ್ಸಿನ ಗಡುವೂ ಅದೇ ದಿನ. ಒಂದು ದಿನ ತಡವಾಗಿ ಹುಟ್ಟಿದ್ದರೆ ಮುಂದಿನ ವರ್ಷದ ಡ್ರಾಫ್ಟಿಗೇ ಕಾಯಬೇಕಿತ್ತು. ಮೊದಲ ವರ್ಷ 74 ಪಂದ್ಯಕ್ಕೆ 32 ಪಾಯಿಂಟ್, ಯಾರೂ ಹುಬ್ಬೇರಿಸಿರಲಿಕ್ಕಿಲ್ಲ. ಅದೇ ಮಾರ್ಲೋ 2021ರ ಏಪ್ರಿಲ್‌ನಲ್ಲಿ ಗಾರ್ಡಿ ಹೋವ್ ಅವರ 1,767 ಪಂದ್ಯಗಳ ದಾಖಲೆ ಮುರಿದು, 1,779ಕ್ಕೆ ನಿಂತರು. ಎನ್‌ಎಚ್‌ಎಲ್ ಇತಿಹಾಸದಲ್ಲಿ ಅಷ್ಟು ಪಂದ್ಯ ಆಡಿದವರು ಬೇರೆ ಇಲ್ಲ. ಅವರಿಗಿಂತ ಮೊದಲು, 1997ರ ಒಂದನೇ ಆಯ್ಕೆಯಾದ ಹುಡುಗನ ಕಥೆ ಕೊನೆಗಿರಲಿ.

‘ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ’

ಈ ಗಾದೆಗೆ ಉತ್ತರ ಸೌತ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಒಂದು ಬೆಟ್ಟದಾಚೆಗೇ ಇದೆ. ಸ್ಯಾನ್ ಬ್ರೂನೋ ಬೆಟ್ಟದ ಈ ಕಡೆಯ ಇಳಿಜಾರಿನಲ್ಲಿ ‘ಸೌತ್ ಸ್ಯಾನ್ ಫ್ರಾನ್ಸಿಸ್ಕೋ, ದಿ ಇಂಡಸ್ಟ್ರಿಯಲ್ ಸಿಟಿ’ ಎಂಬ ದೈತ್ಯ ಬಿಳಿ ಅಕ್ಷರಗಳು. ಆ ಕಡೆ ಡೇಲಿ ಸಿಟಿಯ ಕೌ ಪ್ಯಾಲೆಸ್. ಜಾನುವಾರು ಪ್ರದರ್ಶನಕ್ಕೆಂದು ಕಟ್ಟಿ 1941ರಲ್ಲಿ ತೆರೆದ ಕಟ್ಟಡ. ಹೆಸರಲ್ಲೇ ಹಸು ಇದೆ. ಶಾರ್ಕ್ಸ್ ಮೊದಲ ಎರಡು ಸೀಸನ್ ಆಡಿದ್ದು ಇಲ್ಲಿ, ಸುಮಾರು 11,000 ಜನರ ಮುಂದೆ.

1991ರಲ್ಲಿ ತಂಡದ ಚೊಚ್ಚಲ ಆಯ್ಕೆ ಪ್ಯಾಟ್ ಫಾಲೂನ್, ಇಡೀ ಡ್ರಾಫ್ಟಿಗೆ ಎರಡನೆಯವನು. ಅದೇ ಡ್ರಾಫ್ಟಿನಲ್ಲಿ 23ನೆಯವನಾಗಿ ಆರಿಸಿಕೊಂಡದ್ದು ರೇ ವಿಟ್ನಿಯನ್ನು. ಇಬ್ಬರೂ ಸ್ಪೋಕೇನ್ ಚೀಫ್ಸ್ ಎಂಬ ಒಂದೇ ಜೂನಿಯರ್ ತಂಡದಲ್ಲಿ ಒಂದೇ ಸಾಲಿನಲ್ಲಿ ಆಡಿ, ಆ ವರ್ಷದ ಮೆಮೋರಿಯಲ್ ಕಪ್ ಗೆದ್ದು ಬಂದವರು. ಅಲ್ಲಿ ವಿಟ್ನಿಯ ಪಾಯಿಂಟ್ 185, ಫಾಲೂನ್‌ಗಿಂತ ಹೆಚ್ಚು. ಆದರೆ ವಿಟ್ನಿ ಗಿಡ್ಡ. ದಿಗ್ಗಜ ಗ್ರೆಟ್ಸ್ಕಿ ಆಡುತ್ತಿದ್ದ ಕಾಲದ ಎಡ್ಮಂಟನ್ ತಂಡದವರಿಗೆ ಸ್ಟಿಕ್ ಎತ್ತಿಕೊಡುತ್ತ ಬೆಳೆದ ಹುಡುಗ. ದೊಡ್ಡವರ ಗುದ್ದಾಟದಲ್ಲಿ ಇವನು ಉಳಿಯುತ್ತಾನೆಯೇ ಎಂಬುದು ಆ ಕಾಲದ ಅನುಮಾನ.

ಮೊದಲ ಸೀಸನ್ನಿನಲ್ಲಿ ಫಾಲೂನ್ 79 ಪಂದ್ಯಕ್ಕೆ 25 ಗೋಲು, 34 ಅಸಿಸ್ಟ್. 58 ಪಂದ್ಯ ಸೋತ ತಂಡದಲ್ಲಿ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಗಳಿಸಿದವನು ಇನ್ನೂ ಇಪ್ಪತ್ತು ತುಂಬದ ಹುಡುಗ. ಕೌ ಪ್ಯಾಲೆಸ್ಸಿನ ಬೆಂಚಿನಲ್ಲಿ ಕೂತವರಿಗೆ ಮೊಳಕೆ ಅಂದರೆ ಇದೇ ಅನ್ನಿಸಿದ್ದರಲ್ಲಿ ತಪ್ಪಿಲ್ಲ. ಎರಡನೇ ವರ್ಷ ಗಾಯ, ಅರ್ಧ ಸೀಸನ್ ನಷ್ಟ. 1995ರ ನವೆಂಬರ್‌ನಲ್ಲಿ ಫಿಲಡೆಲ್ಫಿಯಾಕ್ಕೆ ವರ್ಗ. ಆ ಮೊದಲ ವರ್ಷದ 59 ಪಾಯಿಂಟನ್ನು ಅವನು ಮತ್ತೆಂದೂ ದಾಟಲಿಲ್ಲ. 27ನೇ ವಯಸ್ಸಿಗೆ ಎನ್‌ಎಚ್‌ಎಲ್ ಬದುಕು ಮುಗಿದಿತ್ತು.

ವಿಟ್ನಿಯನ್ನು ಶಾರ್ಕ್ಸ್ 1997ರಲ್ಲಿ ಬಿಟ್ಟುಕೊಟ್ಟಿತು. ಎತ್ತಿಕೊಂಡ ಎಡ್ಮಂಟನ್ ಕೂಡ ಕೆಲವೇ ವಾರಗಳಲ್ಲಿ ಕೈಬಿಟ್ಟಿತು. ಫ್ಲೋರಿಡಾ ಕರೆದುಕೊಂಡಿತು. ಅದೇ ಸೀಸನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಗೋಲು! 2006ರಲ್ಲಿ ಕೆರೊಲೈನಾ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಎತ್ತಿದ. 2011-12ರಲ್ಲಿ, 39ರ ವಯಸ್ಸಿನಲ್ಲಿ 77 ಪಾಯಿಂಟ್. ನಿವೃತ್ತಿಯ ಹೊತ್ತಿಗೆ 1,330 ಪಂದ್ಯ, 1,064 ಪಾಯಿಂಟ್. ಒಂದೇ ಊರಿನ ಒಂದೇ ಸಾಲಿನಿಂದ ಬಂದ ಇಬ್ಬರಲ್ಲಿ ಯಾರ ಮೊಳಕೆ ಚೆನ್ನಾಗಿತ್ತು ಎಂದು 1992ರಲ್ಲಿ ಕೇಳಿದ್ದರೆ ಸಿಗುತ್ತಿದ್ದ ಉತ್ತರ ಒಂದೇ, ಅದೂ ತಪ್ಪು ಉತ್ತರ.

ಫಾಲೂನ್‌ನನ್ನು ಇಂದಿಗೂ ‘ಠುಸ್ ಪಟಾಕಿ’ಗಳ ಪಟ್ಟಿಗೆ ಸೇರಿಸುವವರಿದ್ದಾರೆ, ಅವನ ನಂತರ ಮೂರನೆಯವನಾಗಿ ಆಯ್ಕೆಯಾದವನು ಸ್ಕಾಟ್ ನೀಡರ್‌ಮೇಯರ್, ನಾಲ್ಕು ಕಪ್ ಗೆದ್ದ ದಿಗ್ಗಜ ಎಂಬುದು ಅವರ ಸಿಟ್ಟು. ಆದರೆ ಫಾಲೂನ್ ಈ ಲೀಗಿನಲ್ಲಿ 575 ಪಂದ್ಯ ಆಡಿದ್ದಾನೆ. ಅಷ್ಟು ಆಡಿದವನನ್ನು ಠುಸ್ ಎನ್ನಬೇಕಾದರೆ ಕೂತು ನೋಡುವವರಿಗೆ ಬಹಳ ಧೈರ್ಯ ಬೇಕು.

ಅಂದಹಾಗೆ, ಕೌ ಪ್ಯಾಲೆಸ್ಸಿನಲ್ಲಿ ಕಳೆದ ಎರಡನೇ ಸೀಸನ್, 1992-93ರಲ್ಲಿ ಶಾರ್ಕ್ಸ್ ಸೋತ ಪಂದ್ಯಗಳ ಸಂಖ್ಯೆಯೂ 71. ಲೀಗಿನ ದಾಖಲೆ ಅದು. ಆಗ ಹೇಳಿಕೊಳ್ಳಲು ನಾಚುತ್ತಿದ್ದ ಸಂಖ್ಯೆಯನ್ನು ಈಗ ದುಡ್ಡು ಕೊಟ್ಟು ಬೆನ್ನಿಗೆ ಹಾಕಿಕೊಳ್ಳುತ್ತಾರೆ.

‘ಕೆಳಗಿನ ಲೀಗಿಗೆ ಕಳಿಸಿದರು, ಅಲ್ಲಿಗೆ ಕಥೆ ಮುಗಿಯಿತು’

ಸ್ವೀಡನ್ನಿನ ವಿಲಿಯಂ ಎಕ್ಲುಂಡ್ 2021ರ ಏಳನೇ ಆಯ್ಕೆ. ಬಂದ ವರ್ಷ ಒಂಬತ್ತು ಪಂದ್ಯ ಆಡಿಸಿ ಊರಿಗೆ ವಾಪಸ್ ಕಳಿಸಿದರು. ‘ಹತ್ತನೆಯದನ್ನು ಆಡಿಸುವಷ್ಟೂ ನಂಬಿಕೆಯಿಲ್ಲವೇ’ ಎಂದು ಹೊಸಬರು ಕೇಳಬಹುದು. ಗುಟ್ಟು ಆ ಹತ್ತರಲ್ಲೇ ಇದೆ. 18-19ರ ಹುಡುಗ ಹತ್ತನೇ ಪಂದ್ಯಕ್ಕೆ ಇಳಿದರೆ ಅವನ ಮೂರು ವರ್ಷದ ಮೊದಲ ಒಪ್ಪಂದದಲ್ಲಿ ಒಂದು ವರ್ಷ ಖರ್ಚಾಗುತ್ತದೆ, ಅಷ್ಟರೊಳಗೆ ನಿಲ್ಲಿಸಿದರೆ ಒಪ್ಪಂದ ಪೂರ್ತಿ ಒಂದು ವರ್ಷ ಮುಂದಕ್ಕೆ ಜಾರುತ್ತದೆ. ಅಂದರೆ ಆಟಕ್ಕಿಂತ ಲೆಕ್ಕಪತ್ರದ ವಿಷಯವೇ ಜಾಸ್ತಿ. 2022-23ರಲ್ಲೂ ಎಕ್ಲುಂಡ್ ಬಹುಪಾಲು ಆಡಿದ್ದು ಶಾರ್ಕ್ಸ್‌ನ ಕಿರಿಯ ತಂಡ ಬರಾಕುಡಾದಲ್ಲಿ, ಅದೇ ಸ್ಯಾನ್ ಹೋಸೆಯ ಚಿಕ್ಕ ಅಂಗಳದಲ್ಲಿ. ಮುಂದಿನ ವರ್ಷ ಮೇಲೆ ಬಂದು 45 ಪಾಯಿಂಟ್, ಅದರ ಮುಂದಿನ ವರ್ಷ 58.

ಡಿಫೆನ್ಸ್ ಆಡುವವರದ್ದು ಇನ್ನೂ ನಿಧಾನ. ಸ್ಯಾಮ್ ಡಿಕಿನ್ಸನ್‌ನನ್ನು 2024ರಲ್ಲಿ 11ನೆಯವನಾಗಿ ಆರಿಸಿ ಕೆನಡಾದ ಜೂನಿಯರ್ ಲೀಗಿಗೇ ಹಿಂದಿರುಗಿಸಿದರು. ಲೀಗುಗಳ ನಡುವಿನ ಆಗಿನ ಒಪ್ಪಂದದಂತೆ ಆ ವಯಸ್ಸಿನವನಿಗೆ ಎನ್‌ಎಚ್‌ಎಲ್ ಇಲ್ಲವೇ ಜೂನಿಯರ್, ಎರಡೇ ದಾರಿ. ಬರಾಕುಡಾ ಆಡುವ ನಡುವಿನ ಲೀಗಿಗೆ ಅವನನ್ನು ಕಳಿಸುವಂತಿರಲಿಲ್ಲ. ಅವನು ಲಂಡನ್ ನೈಟ್ಸ್ ತಂಡದೊಂದಿಗೆ 2025ರ ಮೆಮೋರಿಯಲ್ ಕಪ್ ಗೆದ್ದ.

ಗೋಲ್‌ಕೀಪರುಗಳಂತೂ ಹಲಸಿನ ಮರದ ಹಾಗೆ. ಎವ್ಗೆನಿ ನಬೋಕೊವ್ 1994ರಲ್ಲಿ ಒಂಬತ್ತನೇ ಸುತ್ತಿನ 219ನೇ ಆಯ್ಕೆ. (ಆಗ ಸುತ್ತುಗಳು ಹೆಚ್ಚಿದ್ದವು.) ಎನ್‌ಎಚ್‌ಎಲ್ ಅಂಗಳಕ್ಕೆ ಇಳಿದಿದ್ದು 1999-2000ರಲ್ಲಿ. ಅದರ ಮರುವರ್ಷ ಅತ್ಯುತ್ತಮ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ. ‘ಹೊಸಬ’ನಿಗೆ ಆಗ 25 ವರ್ಷ.

‘ಸೋತಷ್ಟೂ ಒಳ್ಳೆಯದು, ಮೊದಲ ಆಯ್ಕೆ ನಮಗೇ’

ಇದನ್ನು ಬೇಗ ಮುಗಿಸಬಹುದು. ಕೊನೆಯ ಸ್ಥಾನದ ತಂಡಕ್ಕೆ ಲಾಟರಿಯಲ್ಲಿ ಮೊದಲ ಆಯ್ಕೆ ಸಿಗುವ ಸಂಭವ 25.5%. ಅಂದರೆ ನಾಲ್ಕು ಸಲ ಕೊನೆಯಲ್ಲಿ ನಿಂತರೆ ಒಂದು ಸಲ. 2024ರಲ್ಲಿ ಲಾಟರಿ ಒಲಿಯಿತು, ಸೆಲೆಬ್ರಿನಿ ಬಂದ. 2025ರಲ್ಲೂ ಶಾರ್ಕ್ಸ್ ಕೊನೆಗೇ ನಿಂತಿತು. ಲಾಟರಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಪಾಲಾಯಿತು. ಶಾರ್ಕ್ಸ್‌ಗೆ ಸಿಕ್ಕಿದ್ದು ಎರಡನೇ ಆಯ್ಕೆ ಮೈಕಲ್ ಮಿಸಾ. ಬಂದವನ ತಪ್ಪೇನೂ ಇಲ್ಲದಿದ್ದರೂ ‘ಇವನು ಅವನಲ್ಲ’ ಎಂಬ ಗೊಣಗು ಇಂಥ ಹುಡುಗರ ಬೆನ್ನಿಗಿರುತ್ತದೆ.

‘ತಾಳಿದವನು ಬಾಳಿಯಾನು’

ಅವಸರದವರನ್ನು ತಿದ್ದಲು ಹೊರಟವರು ಹೇಳುವ ಮಾತಿದು: ತಾಳ್ಮೆ ಇರಲಿ, ಕಾದರೆ ಹುಡುಗ ಸ್ಟಾರ್ ಆಗೇ ಆಗುತ್ತಾನೆ. ಕೇಳಲು ಹಿತ, ಆದರೆ ಇದೂ ತಪ್ಪು ಕಲ್ಪನೆಯೇ. ಹೀಗೆ ಕಾಯುವುದು ಚಿಟ್ ಫಂಡಿಗೆ ಕಂತು ಕಟ್ಟಿದ ಹಾಗೆ. ಕಟ್ಟಿದ್ದೇನೆ, ಬಡ್ಡಿ ಸಮೇತ ವಾಪಸ್ ಬರಲಿ ಎಂಬ ನಿರೀಕ್ಷೆ. ಬರದಿದ್ದಾಗ ಸಿಟ್ಟು ಇಮ್ಮಡಿ.

ಇದನ್ನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. 1976ರಲ್ಲಿ ಜೆನೆನ್‌ಟೆಕ್ ಶುರುವಾದಾಗಿನಿಂದ ಈ ಊರಿನ ಕಸುಬೇ ಔಷಧ ಹುಡುಕುವುದು. ಒಂದು ಔಷಧ ಲ್ಯಾಬ್‌ನಿಂದ ಅಂಗಡಿಗೆ ಬರಲು ಹತ್ತು ವರ್ಷ ದಾಟುವುದು ಮಾಮೂಲಿ. ಮನುಷ್ಯರ ಮೇಲೆ ಪ್ರಯೋಗಿಸುವ ಹಂತ ತಲುಪಿದವುಗಳಲ್ಲೂ ಹತ್ತಕ್ಕೆ ಸುಮಾರು ಒಂದು ಮಾತ್ರ ಗೆಲ್ಲುತ್ತದೆ. ಒಂಬತ್ತು ಸೋತವೆಂದು ಯಾರೂ ಅಣುವಿಗೆ ಬೈಯುವುದಿಲ್ಲ. ಅಲ್ಲಿ ಕೆಲಸ ಮಾಡುವವನೇ ಸಂಜೆ ರೈಲು ಹತ್ತಿ, ಮೂರನೇ ತಿಂಗಳಿಗೇ ಹುಡುಗನ ಮೇಲೆ ತೀರ್ಪು ಕೊಡುತ್ತಾನೆ.

ಕಾದರೂ ಫಲ ಸಿಗದ ಉದಾಹರಣೆಗಳು ಬೇಕಾದಷ್ಟಿವೆ. 2012ರ ಮೊದಲ ಆಯ್ಕೆ ನೈಲ್ ಯಾಕುಪೊವ್ 350 ಪಂದ್ಯ, 136 ಪಾಯಿಂಟಿಗೆ ಎನ್‌ಎಚ್‌ಎಲ್ ಮುಗಿಸಿದ. ಇನ್ನೊಂದು ತುದಿಯಲ್ಲಿ ಜೋ ಪವೆಲ್ಸ್ಕಿ. 2003ರಲ್ಲಿ ಶಾರ್ಕ್ಸ್ ಮೊದಲ ಸುತ್ತಿನಲ್ಲೇ ಇಬ್ಬರನ್ನು ಆರಿಸಿತು, 6ನೆಯವನಾಗಿ ಮಿಲನ್ ಮಿಹಾಲೆಕ್, 16ನೆಯವನಾಗಿ ಸ್ಟೀವ್ ಬರ್ನಿಯೆ. ಪವೆಲ್ಸ್ಕಿಯ ಸರದಿ ಬಂದಿದ್ದು 205ಕ್ಕೆ. ಅವನಿಗಾಗಿ ಯಾರೂ ಕಾಯುತ್ತಿರಲಿಲ್ಲ. 2016ರಲ್ಲಿ ತಂಡ ಫೈನಲ್ ತಲುಪಿದಾಗ ನಾಯಕ ಅವನೇ. ವೃತ್ತಿ ಮುಗಿಸಿದ್ದು 1,068 ಪಾಯಿಂಟ್‌ಗಳೊಂದಿಗೆ. ಕಾದವರಿಗೆ ಯಾಕುಪೊವ್, ಕಾಯದವರಿಗೆ ಪವೆಲ್ಸ್ಕಿ!

ಇನ್ನು 1997ರ ಒಂದನೇ ಆಯ್ಕೆ. ಬಾಸ್ಟನ್ ಆರಿಸಿದ ಆ ಹುಡುಗನ ಹೆಸರು ಜೋ ಥಾರ್ನ್‌ಟನ್. ಬಾಸ್ಟನ್ನಿನಲ್ಲೇ ದೊಡ್ಡ ಆಟಗಾರನಾಗಿ ಬೆಳೆದರೂ 2005ರ ನವೆಂಬರ್ 30ರಂದು ಆ ತಂಡ ಅವರನ್ನು ಶಾರ್ಕ್ಸ್‌ಗೆ ದಾಟಿಸಿತು. ಆ ಸೀಸನ್ನಿನಲ್ಲಿ ಎರಡೂ ತಂಡ ಸೇರಿ 125 ಪಾಯಿಂಟ್. ಲೀಗಿನ ಅತ್ಯಮೂಲ್ಯ ಆಟಗಾರನೆಂಬ ಹಾರ್ಟ್ ಟ್ರೋಫಿಯೂ ಅವರಿಗೇ. ಈಗ ಅವರ 19ನೇ ಸಂಖ್ಯೆಯ ಜೆರ್ಸಿ ಎಸ್‌ಎಪಿ ಸೆಂಟರಿನ ಚಾವಣಿಯಲ್ಲಿ ತೂಗುತ್ತಿದೆ.

2024-25ರಲ್ಲಿ, ತನ್ನ ಮೊದಲ ಸೀಸನ್ ಪೂರ್ತಿ, ಸೆಲೆಬ್ರಿನಿ ಉಳಿದುಕೊಂಡಿದ್ದು ಥಾರ್ನ್‌ಟನ್ ಕುಟುಂಬದ ಜೊತೆ, ಅವರ ಮನೆಯಲ್ಲೇ. ಆ ಮನೆಯ ಯಜಮಾನರ ಹದಿನೆಂಟನೇ ವಯಸ್ಸಿನ ಲೆಕ್ಕ ಹೀಗಿದೆ: 55 ಪಂದ್ಯ, 3 ಗೋಲು, 4 ಅಸಿಸ್ಟ್.